ಅಡುಗೆಮನೆ ಇಲ್ಲದ ರೂಮು, ಆರು ತಿಂಗಳ ಕೂಸು: ಇಂಡಕ್ಷನ್, ಡಬ್ಬಿ ಪುಡಿ, ಪುಟ್ಟ ಕುಕ್ಕರ್

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮಹಡಿ ಮೇಲಿನ ಒಂದೇ ರೂಮಿನಲ್ಲಿ ನಾವು ಮೂವರು ಇದ್ದೇವೆ. ಅಡುಗೆಮನೆ ಇಲ್ಲ, ಸಿಂಕ್ ಇಲ್ಲ, ಫ್ರಿಜ್ ಇಲ್ಲ. ಗ್ಯಾಸ್ ಇಡಬಾರದು ಅಂತ ಓನರ್ ಮೊದಲೇ ಹೇಳಿದ್ದರು. ನಮಗಿಬ್ಬರಿಗೆ ಮೆಸ್ಸಿನಿಂದ ಕ್ಯಾರಿಯರ್ ಬರುತ್ತದೆ, ಆ ಚಿಂತೆ ಇಲ್ಲ. ಆದರೆ ಕೂಸಿಗೆ ಆರು ತಿಂಗಳು ತುಂಬಿತು. ಅದಕ್ಕೆ ಮೆಸ್ಸಿನ ಖಾರದ ಸಾರು ಕಲಸಿ ಕೊಡಕ್ಕಾಗಲ್ಲ, ಅಲ್ವಾ?

ಇಂಡಕ್ಷನ್ ಮೇಲೆ ರಾಗಿ ಸರಿ ಕಾಯಿಸಿದೆ. ಅಂಗಡಿಯಲ್ಲಿ ಸಿಗುವ ಕೂಸಿನ ಊಟದ ಡಬ್ಬಿ ಪುಡಿಗೆ ಕೆಟಲ್ ನೀರು ಹಾಕಿ ಕಲಸಿದೆ. ಆಮೇಲೆ ಒಂದು ಲೀಟರಿನ ಎಲೆಕ್ಟ್ರಿಕ್ ರೈಸ್ ಕುಕ್ಕರ್ ತಂದೆ. ಈಗ ಮೇಜಿನ ಮೇಲೆ ಉಳಿದಿರುವುದು ಕುಕ್ಕರ್ ಒಂದೇ. ಇಂಡಕ್ಷನ್ ಮಂಚದ ಕೆಳಗೆ ಹೋಗಿದೆ.

ಹಾಗಂತ ಇಂಡಕ್ಷನ್ ಕೆಟ್ಟದ್ದಲ್ಲ. ನಮ್ಮದು ಮದುವೆಗೆ ಬಂದ ಉಡುಗೊರೆ, ಚೆನ್ನಾಗಿಯೇ ಓಡುತ್ತದೆ. ಒಳ್ಳೆಯ ವೈರಿಂಗ್ ಇರುವ ಮನೆಯಲ್ಲಿ, ನಾಲ್ಕು ಜನಕ್ಕೆ ಅಡುಗೆ ಮಾಡುವವರಿಗೆ ಅದೇ ಸರಿ. ಕೂಸಿನ ಎರಡು ಮೂರು ಚಮಚ ಊಟಕ್ಕೆ ಮಾತ್ರ ಅದು ಆಗಿ ಬರುವುದಿಲ್ಲ.

ಮೊದಲ ತಕರಾರು ಪ್ಲಗ್ಗಿನದು. ರೂಮಿನಲ್ಲಿ ಇರುವುದು 6 ಆಂಪಿಯರಿನ ಸಣ್ಣ ಪಾಯಿಂಟ್. ನಮ್ಮ 230 ವೋಲ್ಟಿಗೆ ಲೆಕ್ಕ ಹಾಕಿದರೆ ಅದು ತಡೆಯುವುದು ಹೆಚ್ಚೆಂದರೆ 1380 ವ್ಯಾಟ್. ಇಂಡಕ್ಷನ್ 2000 ವ್ಯಾಟಿನದು, ಅದರ ದಪ್ಪ ಪಿನ್ನು ಅಲ್ಲಿ ಹೋಗುವುದೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ ದಪ್ಪ ಪಿನ್ನಿಗೆ ಸಣ್ಣ ಪಿನ್ನು ಮಾಡುವ ಕನ್ವರ್ಟರ್ ಕೈಗಿಟ್ಟರು. ಕೆಳಗಿನ ಮನೆಯ ಹುಡುಗ ವೈರಿಂಗ್ ಕೆಲಸ ಮಾಡುತ್ತಾನೆ. ಅವನು ನೋಡಿದವನೇ, "ಪಿನ್ ಬದಲಾಯಿಸಿದ್ರೆ ಗೋಡೆ ಒಳಗಿನ ವೈರ್ ದಪ್ಪ ಆಗುತ್ತೇನಕ್ಕ?" ಅಂದ. ಅಲ್ಲಿಗೆ ಆ ಕನ್ವರ್ಟರ್ ಮೂಲೆ ಸೇರಿತು. 16 ಆಂಪಿಯರಿನ ಪಾಯಿಂಟ್ ಇರುವುದು ಬಚ್ಚಲಮನೆ ಬಾಗಿಲ ಪಕ್ಕ, ಗೀಸರಿಗೆ ಅಂತ ಕೊಟ್ಟದ್ದು. ಹಾಗಾಗಿ ಬಚ್ಚಲ ಬಾಗಿಲಲ್ಲಿ ಸ್ಟೂಲ್ ಹಾಕಿ, ಅದರ ಮೇಲೆ ಒಲೆ ಇಟ್ಟು, ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡು ಸರಿ ಕಾಯಿಸಬೇಕು. ಅಷ್ಟರಲ್ಲಿ ನಮ್ಮ ಮನೆಯವರಿಗೆ ಸ್ನಾನಕ್ಕೆ ಹೊತ್ತಾಗಿರುತ್ತದೆ.

ಅದನ್ನೂ ಸಹಿಸಬಹುದಿತ್ತು. ಪಾತ್ರೆಯ ರಗಳೆ ಇದೆಯಲ್ಲ, ಅದು ನಿಜವಾಗಿ ತಲೆ ಕೆಡಿಸಿತು. ಮೂರು ಚಮಚ ಸರಿ ಮಾಡಲು ಅಂಗೈಯಗಲದ ಪಾತ್ರೆ ಸಾಕು. ಅಷ್ಟು ಚಿಕ್ಕದನ್ನು ಇಟ್ಟರೆ ಇಂಡಕ್ಷನ್ ಅದನ್ನು ಪಾತ್ರೆ ಅಂತಲೇ ಒಪ್ಪುವುದಿಲ್ಲ. ಒಲೆಯೊಳಗಿನ ಸುರುಳಿ ಪಾತ್ರೆಯ ತಳದಲ್ಲೇ ಶಾಖ ಹುಟ್ಟಿಸಬೇಕು. ತಳ ತೀರಾ ಚಿಕ್ಕದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಬಹಳಷ್ಟು ಒಲೆಗಳಿಗೆ ಸುಮಾರು 12 ಸೆಂಟಿಮೀಟರ್ ಅಗಲದ ತಳವಾದರೂ ಬೇಕು. ಇಲ್ಲದಿದ್ದರೆ ಬೀಪ್, ಬೀಪ್ ಅಂತ ಒಂದೇ ಸಮ ಕೂಗುತ್ತದೆ. ಮಲಗಿದ್ದ ಕೂಸು ಎದ್ದು ಅದೂ ಕೂಗಲು ಶುರು ಮಾಡುತ್ತದೆ. ಅವ್ವ ಕೊಟ್ಟಿದ್ದ ಅಲ್ಯುಮಿನಿಯಂ ಹಾಲಿನ ಪಾತ್ರೆಯೂ ಆಗಲಿಲ್ಲ. ಅಯಸ್ಕಾಂತ ಅಂಟದ ಪಾತ್ರೆ ಈ ಒಲೆಗೆ ಬೇಡ.

ದೊಡ್ಡ ಪಾತ್ರೆ ಇಟ್ಟರೆ ಕೂಗುವುದಿಲ್ಲ, ನಿಜ. ಆದರೆ ಮೂರು ಚಮಚದ ಸರಿ ಅಷ್ಟಗಲ ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ಕೈ ಆಡಿಸುವಷ್ಟರಲ್ಲಿ ತಳ ಹಿಡಿದಿರುತ್ತದೆ. ಉರಿ ಸಣ್ಣ ಮಾಡೋಣ ಅಂದರೆ ನಮ್ಮ ಒಲೆಯಲ್ಲಿ ಸಣ್ಣ ಉರಿ ಅನ್ನುವುದು ಸುಮ್ನೆ ಹೆಸರಿಗೆ. ಕಡಿಮೆ ವ್ಯಾಟ್ ಒತ್ತಿದರೆ ಸ್ವಲ್ಪ ಹೊತ್ತು ಜೋರಾಗಿ ಕಾಯುತ್ತದೆ, ನಿಲ್ಲುತ್ತದೆ, ಮತ್ತೆ ಜೋರಾಗಿ ಕಾಯುತ್ತದೆ. ಗ್ಯಾಸಿನ ಹಾಗೆ ಒಂದೇ ಹದ ಇರುವುದಿಲ್ಲ. ರಾಗಿ ಸರಿ ಬೇಡುವುದೇ ಆ ಒಂದೇ ಹದವನ್ನು. ತಳದಲ್ಲಿ ಸೀದ ವಾಸನೆ, ಮೇಲೆ ಗಂಟು, ನಡುವೆ ಹಸಿ ಹಿಟ್ಟು. ಊರಿಂದ ಫೋನ್ ಮಾಡಿದ ಅತ್ತೆ, "ಜಾಸ್ತಿ ಮಾಡಿಟ್ಟು ಎರಡು ಹೊತ್ತಿಗೆ ಕೊಡವ್ವ" ಅಂದರು. ಅವರ ಮನೆಯಲ್ಲಿ ಫ್ರಿಜ್ ಇದೆ. ಏಪ್ರಿಲ್ ತಿಂಗಳ ದಾವಣಗೆರೆ ಸೆಕೆಯಲ್ಲಿ, ಶೀಟಿನ ಕೆಳಗಿನ ರೂಮಿನಲ್ಲಿ, ಬೆಳಗಿನ ಗಂಜಿಯನ್ನು ಮಧ್ಯಾಹ್ನಕ್ಕೆ ಇಡುವ ಮಾತೇ ಇಲ್ಲ. ಅನ್ನದಲ್ಲಿ ಇರಬಹುದಾದ ಕೆಲವು ಬ್ಯಾಕ್ಟೀರಿಯಾಗಳ ಬೀಜಕ ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಕೂತರೆ ಅವು ಬೆಳೆದು ವಿಷ ಮಾಡುತ್ತವೆ. ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ಎರಡು ಗಂಟೆ ದಾಟಿದ್ದನ್ನು ನಾನು ಚೆಲ್ಲುತ್ತೇನೆ. ಅದಕ್ಕೇ ನನಗೆ ಬೇಕಾಗಿದ್ದು ಒಂದು ಹೊತ್ತಿಗೆ ಆಗುವಷ್ಟನ್ನು ಮಾತ್ರ ಮಾಡುವ ಸಾಧನ.

ಡಬ್ಬಿ ಪುಡಿಯ ವಿಷಯ ಬೇಗ ಮುಗಿಸುತ್ತೇನೆ. ಅರ್ಧ ಲೀಟರಿನ ಪುಟ್ಟ ಕೆಟಲ್ ಸಣ್ಣ ಪ್ಲಗ್ಗಿಗೆ ಒಗ್ಗುತ್ತದೆ. ನೀರು ಕುದಿಸು, ಉಗುರುಬೆಚ್ಚಗಾಗಲು ಬಿಡು, ಪುಡಿ ಹಾಕಿ ಕಲಸು, ಆಯಿತು. ಕಬ್ಬಿಣಾಂಶ ಸೇರಿಸಿರುತ್ತಾರೆ, ಅದು ಸಣ್ಣ ವಿಷಯವಲ್ಲ. ಹುಟ್ಟುವಾಗ ಕೂಸು ಹೊತ್ತು ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ. ಆದರೆ ಕೆಲವು ಡಬ್ಬಿಗಳಲ್ಲಿ ಸಕ್ಕರೆ ಇರುತ್ತದೆ, ಹಿಂದಿನ ಸಣ್ಣ ಅಕ್ಷರ ಓದಿಯೇ ತೆಗೆದುಕೊಳ್ಳಿ. ನಮ್ಮ ಕೂಸು ಸಿಹಿಗೆ ಒಗ್ಗಿ, ಬೇಳೆ ಕಟ್ಟು ಕೊಟ್ಟರೆ ಮುಖ ತಿರುಗಿಸಲು ಶುರು ಮಾಡಿತು. ಖರ್ಚೂ ತಿಂಗಳು ತಿಂಗಳು ತಪ್ಪಿದ್ದಲ್ಲ. ಅಂದ ಹಾಗೆ, ಟೀವಿಯಲ್ಲಿ ಇಂಥ ಡಬ್ಬಿಗಳ ಜಾಹೀರಾತು ಯಾಕೆ ಕಾಣಲ್ಲ ಅಂತ ಯೋಚಿಸಿದ್ದೀರಾ? ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವುದನ್ನು 1992ರ ಕಾನೂನು ತಡೆದಿದೆ.

ಕೆಟಲ್‌ದೊಂದು ಕಿರಿಕಿರಿ ಇದೆ. ಬೋರ್ ನೀರು ಕುದಿಸಿದರೆ ತಳದಲ್ಲಿ ಬಿಳಿ ಪದರ ಕಟ್ಟಿ, ಅದರ ಚೂರು ಊಟದಲ್ಲಿ ತೇಲುತ್ತದೆ. ಅದು ಸುಣ್ಣದ ಅಂಶ, ವಿಷವೇನಲ್ಲ. ಆದರೂ ಕೂಸಿನ ಬಟ್ಟಲಲ್ಲಿ ಅದನ್ನು ನೋಡಲಾಗದು. ನಿಂಬೆರಸ ಹಾಕಿ ಕುದಿಸಿದರೆ ಹೋಗುತ್ತದೆ.

ಫ್ಲಾಸ್ಕಿನಲ್ಲಿ ಕುದಿನೀರಿಗೆ ಅಕ್ಕಿ ಹಾಕಿ ಗಂಜಿ ಮಾಡುವವರಿದ್ದಾರೆ. ನನಗೆ ಅದು ಬೆಂದಿದೆಯೋ ಇಲ್ಲವೋ ಅನ್ನುವ ಅನುಮಾನವೇ ಹೋಗಲಿಲ್ಲ. ಮಂಡಕ್ಕಿ ನೆನೆಸಿ ಕಿವುಚಿ ಕೊಡಿ ಅಂತಲೂ ಒಬ್ಬರು ಹೇಳಿದರು. ನಮ್ಮೂರ ಮಂಡಕ್ಕಿಗೆ ಉಪ್ಪು ಹಾಕಿರುತ್ತಾರೆ, ಬೇಡ. ವರ್ಷ ತುಂಬುವವರೆಗೆ ಉಪ್ಪಿಲ್ಲ, ಸಕ್ಕರೆ ಬೆಲ್ಲ ಇಲ್ಲ, ಜೇನುತುಪ್ಪವಂತೂ ನಾಲಿಗೆಗೆ ಸವರಲೂ ಬಾರದು.

ಇನ್ನು ಕುಕ್ಕರ್. 300 ವ್ಯಾಟಿನ ಆಸುಪಾಸಿನದು, ಸಣ್ಣ ಪ್ಲಗ್ಗಿನಲ್ಲೇ ಓಡುತ್ತದೆ. ಸುಮ್ನೆ ಅಕ್ಕಿಗೆ ಜಾಸ್ತಿ ನೀರು ಹಾಕಿ ಗಂಜಿ ಮಾಡಲು ಹೋದರೆ ಮುಚ್ಚಳದ ತೂತಿನಿಂದ ನೊರೆ ಉಕ್ಕಿ ಮೇಜೆಲ್ಲ ಗಂಜಿ ಆಗುತ್ತದೆ. ಸ್ವಿಚ್ಚೂ ಮೇಲೆ ಹಾರುವುದಿಲ್ಲ. ಯಾಕೆಂದರೆ ಒಳಗೆ ನೀರು ಇರುವವರೆಗೆ ತಳ 100 ಡಿಗ್ರಿ ದಾಟುವುದಿಲ್ಲ. ನೀರು ಆರಿ ತಳ ಅದಕ್ಕಿಂತ ಬಿಸಿಯಾದಾಗ ಮಾತ್ರ ಸ್ವಿಚ್ ಹಾರುತ್ತದೆ.

ಇದೇ ಗುಣವನ್ನು ನಾನು ಗಡಿಯಾರ ಮಾಡಿಕೊಂಡಿದ್ದೇನೆ. ಕುಕ್ಕರಿನ ಪಾತ್ರೆಗೆ ಅಡುಗೆ ಹಾಕುವುದೇ ಇಲ್ಲ. ಅದಕ್ಕೆ ನೀರು ಮಾತ್ರ. ಒಳಗೆ ಕೂಸಿನ ಸ್ಟೀಲ್ ಬಟ್ಟಲು. ಬಟ್ಟಲಲ್ಲಿ ನೆನೆಸಿದ ಅಕ್ಕಿ ಎರಡು ಪಾಲು, ಹೆಸರುಬೇಳೆ ಒಂದು ಪಾಲು, ಸಣ್ಣಗೆ ಹೆಚ್ಚಿದ ಕ್ಯಾರೆಟ್ಟೋ ಕುಂಬಳವೋ, ಮುಳುಗಿ ಮೇಲೆ ನಿಲ್ಲುವಷ್ಟು ನೀರು. ಸ್ವಿಚ್ ಒತ್ತಿ ಕೂಸಿನ ಬಟ್ಟೆ ಒಗೆಯಲು ಹೋಗುತ್ತೇನೆ. ಕೆಳಗಿನ ನೀರು ಆರಿದಾಗ ಟಕ್ ಅಂತ ತಾನೇ ನಿಲ್ಲುತ್ತದೆ. ಮುಕ್ಕಾಲು ಲೋಟ ನೀರು ಹಾಕಿದರೆ ನಮ್ಮ ಕುಕ್ಕರಿನಲ್ಲಿ ಎಲ್ಲ ಮೆತ್ತಗೆ ಬೆಂದಿರುತ್ತದೆ. ನಿಮ್ಮದರಲ್ಲಿ ಎಷ್ಟು ಅಂತ ನೀವೇ ನೋಡಿಕೊಳ್ಳಬೇಕು. ಚಮಚದ ಹಿಂಬದಿಯಿಂದ ಕಿವುಚಿ, ಒಂದು ಹನಿ ತುಪ್ಪ ಬಿಟ್ಟರೆ ಆಯಿತು. ಚಮಚ ಓರೆ ಮಾಡಿದರೆ ಸರ್ರನೆ ಜಾರಿ ಬೀಳಬಾರದು, ಅಷ್ಟು ಗಟ್ಟಿ ಇರಬೇಕು.

ರಾಗಿ ಸರಿಯೂ ಇದರಲ್ಲೇ ಆಗುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಬಟ್ಟಲನ್ನು ಒಳಗಿಡಿ. ನಡುವೆ ಒಂದೆರಡು ಸಲ ಮುಚ್ಚಳ ತೆಗೆದು ತಿರುವಿದರೆ ಸಾಕು, ಸೀಯುವ ಮಾತೇ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಅತ್ತೆ ಕಳಿಸುವುದು ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು. ಮೊಳಕೆ ಒಡೆದಾಗ ಅಮೈಲೇಸ್ ಅನ್ನುವ ಕಿಣ್ವ ಜಾಸ್ತಿಯಾಗಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಸರಿ ಮುದ್ದೆಯಾಗುವುದಿಲ್ಲ. ಕೂಸಿನ ಹೊಟ್ಟೆ ಚಿಕ್ಕದು, ಒಂದೊಂದು ಚಮಚದಲ್ಲೂ ಸತ್ವ ಜಾಸ್ತಿ ಹೋಗುವುದು ಮುಖ್ಯ. ಕರ್ರಗೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ, ಅದಕ್ಕೇ ಹದ ಅಂದೆ.

ಕುಕ್ಕರಿಗೂ ಕೊರತೆ ಇದೆ. ಬಿಸಿ ಬಟ್ಟಲು ತೆಗೆಯಲು ಇಕ್ಕಳ ಬೇಕು, ಇಲ್ಲದಿದ್ದರೆ ಬೆರಳು ಸುಡುವುದು ಗ್ಯಾರಂಟಿ. ಹಸಿವಾಗಿ ಕೂಸು ಅಳುತ್ತಿರುವಾಗ ಅರ್ಧ ಗಂಟೆ ಕಾಯುವುದು ಕಷ್ಟ, ಮೊದಲೇ ಹಚ್ಚಬೇಕು. ಕರೆಂಟ್ ಹೋದರೆ ಬಾಳೆಹಣ್ಣು ಕಿವುಚಿ ಕೊಡುತ್ತೇನೆ. ಎದೆಹಾಲು ಹೇಗೂ ನಡೆದೇ ಇದೆ, ಎರಡು ವರ್ಷದವರೆಗೆ ಬಿಡಿಸುವ ಯೋಚನೆ ಇಲ್ಲ.

ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೇ ಪೊಟ್ಟಣ ಕೊಡುತ್ತಾರೆ. ಬರೆಸಿಕೊಳ್ಳಿ, ನಾಚಿಕೆ ಏನು? ಆ ಪುಡಿಯನ್ನೂ ಇದೇ ಬಟ್ಟಲಲ್ಲಿ ಬೇಯಿಸುತ್ತೇನೆ.

ನನಗೆ ನಿಂತು ಕೈ ಆಡಿಸಲು ಪುರುಸೊತ್ತಿಲ್ಲ, ತೊಳೆಯಲು ಸಿಂಕ್ ಇಲ್ಲ. ಕುಕ್ಕರಿನಲ್ಲಿ ಮಾಡಿದರೆ ತೊಳೆಯಬೇಕಾದ್ದು ಒಂದು ಬಟ್ಟಲು, ಒಂದು ಚಮಚ. ಸಾವಿರ ಚಿಲ್ಲರೆ ರೂಪಾಯಿ ಒಂದೇ ಸಲದ ಖರ್ಚು. ಊರಿಗೆ ಬಸ್ಸಿನಲ್ಲಿ ಹೋಗುವ ದಿನ ಮಾತ್ರ ಡಬ್ಬಿ ಪುಡಿ ಚೀಲಕ್ಕೆ ಬೀಳುತ್ತದೆ. ನೀವು ಕುಕ್ಕರ್ ಕೊಳ್ಳುವುದಾದರೆ ಕೂಸಿನ ಬಟ್ಟಲನ್ನು ಅಂಗಡಿಗೇ ಒಯ್ಯಿರಿ. ಒಳಗಿಟ್ಟು ಮುಚ್ಚಳ ಹಾಕಿ ನೋಡಿ, ಸುತ್ತ ಬೆರಳು ಹೋಗುವಷ್ಟು ಜಾಗ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.