ಡಬ್ಬಿಗೆ 2,600, ಕೇಬಲ್ಲಿಗೆ 280: ಫೋನಿನ ನೆಟ್ಟನ್ನು ಕಂಪ್ಯೂಟರಿಗೆ ತಂದ ಕತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೇಬಲ್ ಪಕ್ಷದವನು. ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ತರೋದಕ್ಕೆ ಹಾಟ್‌ಸ್ಪಾಟ್, ಬ್ಲೂಟೂತ್, ಯುಎಸ್‌ಬಿ ಕೇಬಲ್ ಮೂರನ್ನೂ ಬಳಸಿದ್ದೇನೆ. ಫೋನನ್ನೇ ಬಿಟ್ಟು, ಬೇರೆ ಸಿಮ್ ಹಾಕುವ ಪಾಕೆಟ್ ವೈಫೈ ಡಬ್ಬಿಯನ್ನೂ ಕೊಂಡು ನೋಡಿದ್ದೇನೆ. ಎರಡು ಮಳೆಗಾಲ ಕಳೆದ ಮೇಲಿನ ಸ್ಥಿತಿ ಇದು: 2,600 ರೂಪಾಯಿಯ ಡಬ್ಬಿ ಕಪಾಟಿನಲ್ಲಿದೆ, 280 ರೂಪಾಯಿಯ ಕೇಬಲ್ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ದುಡಿಯುತ್ತಿದೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಫೈಬರ್ ಲೈನು ರಸ್ತೆಯಂಚಿನ ತನಕ ಬಂದು ಅಲ್ಲೇ ನಿಂತಿದೆ. ನನ್ನದು ಲೆಕ್ಕಪತ್ರದ ಕೆಲಸ. ಪೇಟೆಯ ನಾಲ್ಕಾರು ಅಂಗಡಿಗಳ, ಇಬ್ಬರು ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆಯ ಒಟ್ಟು ಲೆಕ್ಕ), ಇವೇ ಗಡುವು. ಈ ಎರಡು ತಾರೀಕು ಬಿಟ್ಟರೆ ನೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಡೀ ಮನೆಯಲ್ಲಿ ಸರಿಯಾಗಿ 4ಜಿ ಸಿಗುವ ಜಾಗವೂ ಒಂದೇ, ಉಪ್ಪರಿಗೆಯ ಮೂಡು ದಿಕ್ಕಿನ ಕಿಟಕಿ.

ಡಬ್ಬಿಯಿಂದ ಶುರು ಮಾಡುತ್ತೇನೆ, ದುಡ್ಡು ಹೋದ ಸಂಕಟ ಅದರದ್ದೇ. ಅಂಗೈಯಗಲದ ಸಾಧನ, ಒಳಗೆ ಸಿಮ್ಮು, ಬ್ಯಾಟರಿ. ಆನ್ ಮಾಡಿದರೆ ಮನೆಗೆಲ್ಲ ವೈಫೈ. ಕೊಳ್ಳುವಾಗ ನನ್ನ ತಲೆಗೆ ಹೋಗದಿದ್ದ ವಿಷಯ ಏನೆಂದರೆ, ಇದಕ್ಕೂ ಅದೇ ಟವರೇ ಬೇಕು! ಫೋನಿಗೆ ಸಿಗದ ಸಿಗ್ನಲ್ಲು ಡಬ್ಬಿಗೆ ಎಲ್ಲಿಂದ ಸಿಗುತ್ತದೆ? ಅದನ್ನೂ ತಂದು ಅದೇ ಕಿಟಕಿಯಲ್ಲಿಟ್ಟೆ. ನನ್ನ ಫೋನಿನಲ್ಲಿ ಎರಡು ಕಡ್ಡಿ ತೋರಿಸುವ ಜಾಗದಲ್ಲಿ ಇದು ಒಂದೇ ಕಡ್ಡಿ ತೋರಿಸುತ್ತಿತ್ತು. ಮೇಲಿಂದ ಅದರ ಸಿಮ್ಮಿಗೆ ಬೇರೆ ರೀಚಾರ್ಜು. ಫೋನಿನಲ್ಲಿ ದಿನಾ ಒಂದು ಜಿಬಿ ಬಳಸದೆ ವೇಸ್ಟ್ ಆಗುತ್ತಿರುವಾಗ ಪಕ್ಕದಲ್ಲಿ ಇನ್ನೊಂದು ಸಿಮ್ಮಿಗೆ ದುಡ್ಡು ಸುರಿಯುವುದು ಯಾವ ಲೆಕ್ಕ? ಲೆಕ್ಕ ಬರೆಯುವವನೇ ಈ ಲೆಕ್ಕ ತಪ್ಪಿದೆ. ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟಿದ್ದರಿಂದ ಎರಡನೇ ಮಳೆಗಾಲದ ಹೊತ್ತಿಗೆ ಬ್ಯಾಟರಿ ಹಲಸಿನ ಹಪ್ಪಳದ ಹಾಗೆ ಉಬ್ಬಿತು, ಹಿಂದಿನ ಮುಚ್ಚಳ ಕೂರುವುದೇ ಇಲ್ಲ. ಬ್ಯಾಟರಿ ತೆಗೆದಿಟ್ಟೆ. ಅಲ್ಲಿಗೆ ಅದರ ಕತೆ ಮುಗಿಯಿತು.

ಬ್ಲೂಟೂತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿ ತಿನ್ನುವುದು ಕಮ್ಮಿ, ಫೋನ್ ಬಿಸಿಯಾಗುವುದಿಲ್ಲ. ವೇಗ ಮಾತ್ರ ಬಹಳ ಅಂದರೆ ಒಂದೆರಡು ಎಂಬಿಪಿಎಸ್. ಮೇಲ್ ನೋಡಬಹುದು. ಬೇರೆ ಏನೂ ಇಲ್ಲದಾಗ ಆಗಬಹುದು, ಅಷ್ಟೇ.

ಹಾಟ್‌ಸ್ಪಾಟನ್ನು ಬೈಯಲು ಮನಸ್ಸಿಲ್ಲ. ನೂರಕ್ಕೆ ತೊಂಬತ್ತು ಜನಕ್ಕೆ ಅದೇ ಸಾಕು. ತಂತಿ ಬೇಡ, ಖರ್ಚಿಲ್ಲ, ಒಂದು ಸಲ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ನಮ್ಮ ಮನೆಗೆ ಅದು ಒಗ್ಗಲಿಲ್ಲ. ಫೋನು ಉಪ್ಪರಿಗೆ ಕಿಟಕಿಯಲ್ಲಿ, ನನ್ನ ಮೇಜು ಪಕ್ಕದ ಕೋಣೆಯಲ್ಲಿ, ನಡುವೆ ಅಜ್ಜನ ಕಾಲದ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ವೈಫೈ ತರಂಗವನ್ನು 5 ಗಿಗಾಹರ್ಟ್ಸ್‌ಗೆ ಹಾಕಿದರೆ ಗೋಡೆ ದಾಟುವುದಿಲ್ಲ. 2.4ಕ್ಕೆ ಹಾಕಿದರೆ ದಾಟುತ್ತದೆ, ತಡವರಿಸುತ್ತದೆ. ಊಟಕ್ಕೆ ಎದ್ದುಹೋದರೆ ಕಂಪ್ಯೂಟರು ನಿದ್ದೆಗೆ ಜಾರುತ್ತದೆ. ಹತ್ತು ನಿಮಿಷ ಯಾರೂ ಬಳಸಲಿಲ್ಲವೆಂದು ಫೋನು ಹಾಟ್‌ಸ್ಪಾಟನ್ನೂ ಮುಚ್ಚುತ್ತದೆ. ಅದನ್ನು ಸೆಟ್ಟಿಂಗಿನಲ್ಲಿ ತಪ್ಪಿಸಬಹುದು, ತಪ್ಪಿಸಿದೆ. ತಪ್ಪಿಸಲಾಗದ್ದು ಮನೆಯವರನ್ನು. ಪಾಸ್‌ವರ್ಡ್ ಒಬ್ಬರಿಗೆ ಗೊತ್ತಾಯಿತೆಂದರೆ ರಜೆಗೆ ಬಂದ ಅಕ್ಕನ ಮಕ್ಕಳಿಗೆಲ್ಲ ಗೊತ್ತಾದಂತೆ. ನಾನು ಇನ್‌ವಾಯ್ಸ್ ಅಪ್‌ಲೋಡ್ ಮಾಡುತ್ತ ಕೂತಿರುತ್ತೇನೆ, ಕೆಳಗೆ ಜಗಲಿಯಲ್ಲಿ ನನ್ನ ಡೇಟಾದಲ್ಲಿ ಕ್ರಿಕೆಟ್ ನಡೆದಿರುತ್ತದೆ.

ಇನ್ನು ಕೇಬಲ್. ಫೋನಿಗೊಂದು ತುದಿ, ಕಂಪ್ಯೂಟರಿಗೊಂದು ತುದಿ, ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತುವುದು, ಮುಗಿಯಿತು. ವೈಫೈ ಇಲ್ಲದ ಹಳೇ ಡೆಸ್ಕ್‌ಟಾಪಿಗೂ ನೆಟ್ ಬರುತ್ತದೆ. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿಗೆ ವೈಫೈ ಡ್ರೈವರ್ರೇ ಇಲ್ಲದಾಗಲೂ ಇದೊಂದು ನಡೆಯುತ್ತದೆ. ಲಿನಕ್ಸ್‌ನಲ್ಲೂ ತಕರಾರಿಲ್ಲ. ಮ್ಯಾಕ್ ಇದ್ದವರು ಮಾತ್ರ ಮೊದಲು ಯಾರದ್ದಾದರೂ ಫೋನಿನಲ್ಲಿ ಪರೀಕ್ಷಿಸಿ ನೋಡಿ, ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಬಳಸುವ ಪದ್ಧತಿ ಮ್ಯಾಕಿಗೆ ಹುಟ್ಟಿನಿಂದ ಗೊತ್ತಿಲ್ಲ.

ನಾನು ಮೊದಲು ತಂದ ಕೇಬಲ್ಲು ಬಸ್‌ಸ್ಟ್ಯಾಂಡಿನ ಹತ್ತಿರ 90 ರೂಪಾಯಿಗೆ ಸಿಕ್ಕಿದ್ದು. ಫೋನು ಚಾರ್ಜ್ ಆಗುತ್ತಿದೆ, ಟೆದರಿಂಗ್ ಬಟನ್ನು ಮಾತ್ರ ಮಂಕಾಗಿ ಕೂತಿದೆ, ಒತ್ತಲಿಕ್ಕೇ ಬರುವುದಿಲ್ಲ. ಅರ್ಧ ದಿನ ಫೋನಿನ ಸೆಟ್ಟಿಂಗೆಲ್ಲ ಜಾಲಾಡಿ, ಕೊನೆಗೆ ಪೇಟೆಯ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಹೋದೆ. ಅವನು ಕೇಬಲ್ಲನ್ನು ಬೆರಳಲ್ಲಿ ಹೊರಳಿಸಿ, "ಭಟ್ರೆ, ಇದು ಬರೀ ಚಾರ್ಜಿಂಗ್ ಕೇಬಲ್ಲು. ಒಳಗೆ ಎರಡೇ ತಂತಿ. ಡೇಟಾದ್ದು ಇನ್ನೆರಡು ಬೇಕಲ್ಲ" ಅಂದ. ಮೂರು ಮೀಟರಿನ ಡೇಟಾ ಕೇಬಲ್ಲು ಕೊಟ್ಟು 280 ತಗೊಂಡ. ಅದಕ್ಕಿಂತ ಉದ್ದದ್ದು ಕೇಳಿದೆ. ಐದು ಮೀಟರ್ ದಾಟಿದರೆ ಸಾದಾ ಯುಎಸ್‌ಬಿ ನೆಚ್ಚಬೇಡಿ ಅಂದ. ಸರಿ, ಮೇಜನ್ನೇ ಗೋಡೆಯ ಈಚೆಗೆ ಸರಿಸಿದೆ. ಫೋನನ್ನು ಕಿಟಕಿಯ ಸರಳಿಗೆ, ಎರಚಲು ತಾಗದ ಹಾಗೆ ಹಾಲಿನ ಪ್ಯಾಕೆಟ್ಟಿನೊಳಗೆ ತೂರಿಸಿ, ಸೆಣಬಿನ ದಾರದಲ್ಲಿ ಕಟ್ಟಿದೆ. ಅಪ್ಪ ಕಾಫಿ ಹಿಡಿದು ಮೇಲೆ ಬಂದವರು ನಿಂತು ನೋಡಿದರು. "ಅದನ್ನೆಂತಕ್ಕೆ ಕಿಟಕಿಗೆ ಕಟ್ಟಿದೀಯ ಮಾರಾಯ, ಓಡಿಹೋಗ್ತದ?"

ಹೀಗೆ ಕಟ್ಟಿದ ಮೇಲೆ ಫೋನ್ ಬಂದರೆ ಕಿಟಕಿಗೆ ಹೋಗಿ ನಿಂತೇ ಮಾತಾಡಬೇಕು. ಬ್ಲೂಟೂತ್ ಇಯರ್‌ಫೋನಿಗೆ ಇಲ್ಲಿ ಕೆಲಸ ಸಿಕ್ಕಿತು.

ಈಗ ಕೇಬಲ್ಲಿನ ತಕರಾರು. ಅದೊಂದೇ ತಕರಾರು, ನನ್ನ ಒಂದು ತಿಂಗಳ ನಿದ್ದೆ ತಿಂದಿದೆ.

ಒಂದು ಜುಲೈ ತಿಂಗಳ 20ನೇ ತಾರೀಕು. ನನ್ನ ಪ್ಯಾಕು ದಿನಕ್ಕೆ 1.5 ಜಿಬಿಯದ್ದು. ಒಂಬತ್ತಕ್ಕೆ ಕಂಪ್ಯೂಟರ್ ಹಾಕಿ, ಕೇಬಲ್ ಚುಚ್ಚಿ, ಕೆಳಗೆ ಹೋಗಿ ದೋಸೆ ತಿಂದು, ತೋಟದ ಕಡೆ ಒಂದು ಸುತ್ತು ಹಾಕಿ ಬಂದೆ. ಹತ್ತೂವರೆಗೆ ಫೋನಿನಲ್ಲಿ ಸಂದೇಶ: ಇವತ್ತಿನ ಡೇಟಾ ಮುಗಿಯಿತು. ಇನ್ನು ರಾತ್ರಿ ಹನ್ನೆರಡರ ತನಕ 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 8 ಕಿಲೋಬೈಟ್, ಒಂದು ಎಂಬಿ ಇಳಿಯಲು ಎರಡು ನಿಮಿಷದ ಮೇಲೆ. ಐದು ಪಾರ್ಟಿಗಳ 3ಬಿ ಬಾಕಿ, ದಿನ ತಪ್ಪಿದರೆ ದಿನಕ್ಕೆ 50 ರೂಪಾಯಿ ತಡಶುಲ್ಕ. ಹೆಚ್ಚುವರಿ ಡೇಟಾ ಹಾಕಿಸೋಣವೆಂದರೆ ಆ ವೇಗದಲ್ಲಿ ರೀಚಾರ್ಜ್ ಪುಟವೇ ತೆರೆಯದು. ಕೊನೆಗೆ ಅಪ್ಪನ ಫೋನಿಂದ ಹಾಕಿಸಿದೆ.

(2005ರ ಸುಮಾರಿಗೆ ಶಿವಮೊಗ್ಗದಲ್ಲಿ ಓದುವಾಗ ನೋಕಿಯಾ ಫೋನಿಗೆ ಡೇಟಾ ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನಲ್ಲಿ *99# ಡಯಲ್ ಮಾಡಿ ಜಿಪಿಆರ್‌ಎಸ್ ಎಂಬ ಆಗಿನ ಮೊಬೈಲ್ ನೆಟ್ ಹಿಡಿಯುತ್ತಿದ್ದೆವು. ಆಗ ಯಾರಾದರೂ 64 ಕೆಬಿಪಿಎಸ್ ಕೊಟ್ಟಿದ್ದರೆ ಹಬ್ಬ ಮಾಡುತ್ತಿದ್ದೆವು. ಆಗಿನ ಪುಟಗಳೂ ಹಗುರ, ನಾವೂ ಹಗುರ.)

ಡೇಟಾ ತಿಂದದ್ದು ಯಾರು ಅಂತ ನೋಡಿದರೆ ವಿಂಡೋಸ್ ಅಪ್‌ಡೇಟು, ಜೊತೆಗೆ ಫೋಟೊ ಬ್ಯಾಕಪ್ಪು. ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತಾರೆ, ನಮ್ಮ 20ರ ಗಡುವು ಅದರ ಬೆನ್ನಿಗೇ ಬರುತ್ತದೆ. ಇದು ನನಗೆ ಗೊತ್ತಿತ್ತು, ಅದಕ್ಕೇ ಆ ಕನೆಕ್ಷನ್ನನ್ನು ಮೀಟರ್ಡ್ ಎಂದು ಗುರುತು ಹಾಕಿಟ್ಟಿದ್ದೆ. ಅಂದರೆ, ಇದು ಅಳೆದು ಕೊಡುವ ನೆಟ್ಟು, ದೊಡ್ಡ ಡೌನ್‌ಲೋಡು ಬೇಡ ಎಂದು ಕಂಪ್ಯೂಟರಿಗೆ ಹೇಳುವ ಸ್ವಿಚ್ಚು. ಹೋಗಿ ನೋಡಿದರೆ ಸ್ವಿಚ್ಚು ಆಫ್ ಆಗಿದೆ! ಆನ್ ಮಾಡಿದೆ. ಮರುದಿನ ಮತ್ತೆ ಆಫ್. ಮನೆಯಲ್ಲಿ ಯಾರೋ ಮುಟ್ಟುತ್ತಿದ್ದಾರೆ ಅಂತ ಅಕ್ಕನ ಮಕ್ಕಳಿಗೆ ಸುಮ್ಮನೆ ಬೈದೆ. ಪಾಪ, ಅವರು ಆ ವಾರ ಊರಲ್ಲೇ ಇರಲಿಲ್ಲ, ಫೋನ್ ಮಾಡಿ ಬೈದಿದ್ದೆ.

ಕಳ್ಳ ಸಿಕ್ಕಿದ್ದು ಒಂದು ವಾರ ಬಿಟ್ಟು, ಕನೆಕ್ಷನ್ನಿನ ಹೆಸರು ಗಮನಿಸಿದಾಗ. ಅದು "ನೆಟ್‌ವರ್ಕ್ 31" ಅಂತಿತ್ತು. ನಿನ್ನೆ? "ನೆಟ್‌ವರ್ಕ್ 30". ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. "ನೆಟ್‌ವರ್ಕ್ 32".

ಟೆದರಿಂಗ್ ಮಾಡುವಾಗ ಫೋನು ಕಂಪ್ಯೂಟರಿಗೆ ಒಂದು ನೆಟ್‌ವರ್ಕ್ ಕಾರ್ಡಿನ ಹಾಗೆ ಕಾಣಿಸಿಕೊಳ್ಳುತ್ತದೆ. ಪ್ರತಿ ಕಾರ್ಡಿಗೂ ಮ್ಯಾಕ್ ಅಡ್ರೆಸ್ ಎಂಬ ಗುರುತು ಇರುತ್ತದೆ. (ಆಗ ಹೇಳಿದ ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ.) ನನ್ನ ಫೋನು ಸಿಕ್ಕಿಸಿದಾಗಲೆಲ್ಲ ಹೊಸದೊಂದು ಗುರುತು ಹುಟ್ಟಿಸಿಕೊಂಡು ಬರುತ್ತದೆ, ಬಹಳ ಫೋನುಗಳದ್ದು ಇದೇ ಚಾಳಿ. ಮೇಳದ ಕಲಾವಿದ ಅದೇ ಮನುಷ್ಯನಾದರೂ ದಿನಾ ಬೇರೆ ವೇಷದಲ್ಲಿ ರಂಗಸ್ಥಳಕ್ಕೆ ಬಂದ ಹಾಗೆ. ವಿಂಡೋಸ್ ವೇಷ ನೋಡಿ ಹೆಸರು ಬರೆದುಕೊಳ್ಳುವ ಗಿರಾಕಿ. ನಿನ್ನೆಯ ನೆಟ್‌ವರ್ಕ್ 30ಕ್ಕೆ ನಾನು ಹಾಕಿದ ಮೀಟರ್ಡ್ ಗುರುತು 30ರ ಜೊತೆಗೇ ಉಳಿಯಿತು, ಇವತ್ತಿನ 31 ಅದಕ್ಕೆ ಹೊಚ್ಚ ಹೊಸ ಮನುಷ್ಯ. ಕಿಟಕಿಯಲ್ಲಿ ಗಾಳಿ ಬೀಸಿ ಪಿನ್ನು ಸ್ವಲ್ಪ ಅಲುಗಿದರೂ ಸಾಕು, ಸಂಪರ್ಕ ಕಡಿದು ಇನ್ನೊಂದು ನಂಬರು. ಹಾಟ್‌ಸ್ಪಾಟಿನಲ್ಲಿ ಈ ರಗಳೆ ಇಲ್ಲ. ಅಲ್ಲಿ ವಿಂಡೋಸ್ ವೈಫೈ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ, ಗುರುತು ಒಂದು ಸಲ ಹಾಕಿದರೆ ಆಯಿತು. ಹಾಟ್‌ಸ್ಪಾಟ್ ಪಕ್ಷದವರು ಬೇಕಿದ್ದರೆ ಇಲ್ಲಿ ಚಪ್ಪಾಳೆ ತಟ್ಟಲಿ.

ಮದ್ದು ರಿಜಿಸ್ಟ್ರಿಯಲ್ಲಿದೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ದಫ್ತರದಲ್ಲಿ. ಲೋಕಲ್ ಮಷೀನ್ ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ನೆಟ್‌ವರ್ಕ್‌ಲಿಸ್ಟ್, ಕೊನೆಗೆ ಡಿಫಾಲ್ಟ್‌ಮೀಡಿಯಾಕಾಸ್ಟ್. ಅಲ್ಲಿ 3ಜಿ, 4ಜಿ, ವೈಫೈ, ಈಥರ್ನೆಟ್ ಅಂತ ಸಾಲುಗಳಿವೆ. 3ಜಿ, 4ಜಿಗೆ ಮೊದಲೇ 2 ಅಂತ ಇರುತ್ತದೆ, ಅಂದರೆ ಮೀಟರ್ಡ್. ಈಥರ್ನೆಟ್ಟಿಗೆ, ಅಂದರೆ ತಂತಿಯ ನೆಟ್ಟಿಗೆ, 1. ಕೇಬಲ್ಲಿನಲ್ಲಿ ಬಂದ ಫೋನನ್ನೂ ವಿಂಡೋಸ್ ಈಥರ್ನೆಟ್ ಅಂತಲೇ ಎಣಿಸುತ್ತದೆ. ಆ 1ನ್ನು 2 ಮಾಡಿದರೆ, ಕೇಬಲ್ಲಿನಲ್ಲಿ ಯಾವ ವೇಷ ಬಂದರೂ ಮೀಟರ್ಡ್. ಆದರೆ ಬದಲಿಸಲು ಹೋದರೆ ಬಿಡುವುದಿಲ್ಲ. ನನ್ನ ಕಂಪ್ಯೂಟರು, ನಾನೇ ಅಡ್ಮಿನ್, ಆದರೂ ಆ ಕಡತದ ಯಜಮಾನ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಇನ್ಯಾರೋ. ಪರ್ಮಿಶನ್ಸ್ ಒಳಗೆ ಅಡ್ವಾನ್ಸ್ಡ್‌ಗೆ ಹೋಗಿ ಯಜಮಾನಿಕೆಯನ್ನು ಅಡ್ಮಿನಿಸ್ಟ್ರೇಟರ್‌ಗಳ ಹೆಸರಿಗೆ ಮಾಡಿಕೊಂಡು, ಪೂರ್ತಿ ಅಧಿಕಾರ ಕೊಟ್ಟುಕೊಂಡು, ಆಮೇಲೆ ಬದಲಿಸಬೇಕು. ಪಹಣಿಯಲ್ಲಿ ಹೆಸರು ಸೇರಿಸಿದ ಅನುಭವ ಇದ್ದವರಿಗೆ ಕಷ್ಟವಾಗದು. ಕೈ ಹಾಕುವ ಮೊದಲು ಆ ಕಡತವನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಬದಲಿಸಿದ ಮೇಲೆ ಒಮ್ಮೆ ರಿಸ್ಟಾರ್ಟ್ ಮಾಡಿ. ಮುಂದೆ ಎಂದಾದರೂ ಮನೆಗೆ ಫೈಬರ್ ಬಂದು ಅದನ್ನು ಈಥರ್ನೆಟ್ ತಂತಿಯಲ್ಲಿ ಜೋಡಿಸಿದರೆ ಈ 2ನ್ನು ವಾಪಸ್ 1 ಮಾಡಲು ಮರೆಯಬಾರದು, ಇಲ್ಲದಿದ್ದರೆ ಅದನ್ನೂ ಅಳೆದು ಕೊಡುವ ನೆಟ್ಟು ಎಂದುಕೊಂಡು ದೊಡ್ಡ ಅಪ್‌ಡೇಟುಗಳು ಇಳಿಯದೆ ಕೂರುತ್ತವೆ. ಈಗ ನಾನು ಅಪ್‌ಡೇಟನ್ನು ಡೇಟಾ ಉಳಿದ ದಿನ, ರಾತ್ರಿ ಹನ್ನೊಂದರ ಮೇಲೆ, ನಾನಾಗಿ ಒತ್ತಿ ಇಳಿಸಿಕೊಳ್ಳುತ್ತೇನೆ.

ಇನ್ನೊಂದು ಸಣ್ಣ ಉಪಾಯ. ಪಿನ್ ಅಲುಗಿದಾಗಲೆಲ್ಲ ಟೆದರಿಂಗ್ ಆಫ್ ಆಗುತ್ತದೆ, ಎದ್ದುಹೋಗಿ ಹಾಲಿನ ಪ್ಯಾಕೆಟ್ಟಿನ ಮೇಲಿಂದ ಒತ್ತಬೇಕು. ಫೋನಿನ ಅಬೌಟ್ ಪುಟದಲ್ಲಿ ಬಿಲ್ಡ್ ನಂಬರನ್ನು ಏಳು ಸಲ ತಟ್ಟಿದರೆ ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ. ಅದರಲ್ಲಿ ಡಿಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್ನಿಗೆ ಟೆದರಿಂಗ್ ಆಯ್ಕೆ ಮಾಡಿಟ್ಟರೆ, ಫೋನು ಲಾಕ್ ಆಗಿರದಿದ್ದರೆ ಚುಚ್ಚಿದ ಕೂಡಲೇ ತಾನೇ ಶುರುವಾಗುತ್ತದೆ.

ಚಾರ್ಜಿನ ವಿಷಯದಲ್ಲಿ ಕೇಬಲ್ಲಿಗೆ ಅರ್ಧ ಅಂಕ. ಹಳೇ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಸಿಗ್ನಲ್ ದುರ್ಬಲವಿದ್ದ ದಿನ ಫೋನು ಅದಕ್ಕಿಂತ ಹೆಚ್ಚು ಉಣ್ಣುತ್ತದೆ. ಸಂಜೆಗೆ 100 ಇದ್ದದ್ದು 70 ಆಗಿರುತ್ತದೆ. ಹಾಟ್‌ಸ್ಪಾಟಿನಲ್ಲಾದರೆ ಮಧ್ಯಾಹ್ನದ ಹೊತ್ತಿಗೇ 20ಕ್ಕೆ ಇಳಿಯುತ್ತಿತ್ತು, ಕೈಯಲ್ಲಿ ಹಿಡಿದರೆ ದೋಸೆ ಕಾವಲಿ. ಕರೆಂಟು ಹೋದಾಗ ಮಾತ್ರ ಎಲ್ಲ ಪಕ್ಷಗಳದ್ದೂ ಒಂದೇ ಗತಿ. ಲ್ಯಾಪ್‌ಟಾಪಿನಲ್ಲಿ ಚಾರ್ಜಿದ್ದು ಏನು ಪ್ರಯೋಜನ, ನಾಲ್ಕಾರು ತಾಸಿನಲ್ಲಿ ಟವರಿನ ಬ್ಯಾಟರಿಯೇ ಮಲಗುತ್ತದೆ.

ಲ್ಯಾಪ್‌ಟಾಪ್ ಹಿಡಿದು ಜಗಲಿ, ಅಂಗಳ, ನೆಂಟರ ಮನೆ ಅಂತ ತಿರುಗುವವರು ಹಾಟ್‌ಸ್ಪಾಟೇ ಇಟ್ಟುಕೊಳ್ಳಿ, ಕೇಬಲ್ ನಿಮಗೆ ಕಟ್ಟಿಹಾಕಿದ ದನದ ಹಗ್ಗದ ಹಾಗೆ ಆಗುತ್ತದೆ. ಮನೆಯಲ್ಲಿ ಮೂರು ನಾಲ್ಕು ಜನ ಒಟ್ಟಿಗೆ ಬಳಸುವವರಿದ್ದು, ತಿಂಗಳಿಗೆ ಇನ್ನೊಂದು ರೀಚಾರ್ಜ್ ಭಾರವಲ್ಲ ಅನ್ನಿಸಿದರೆ ಡಬ್ಬಿ ಕೊಳ್ಳಬಹುದು, ಆದರೆ ಕೊಳ್ಳುವ ಮೊದಲು ನಿಮ್ಮ ಫೋನಿನ ಸಿಮ್ಮನ್ನು ಯಾರದ್ದಾದರೂ ಡಬ್ಬಿಗೆ ಹಾಕಿ, ಮನೆಯಲ್ಲೇ ಒಂದು ಸಲ ಕಡ್ಡಿ ಎಣಿಸಿ. ನನ್ನ ಹಾಗೆ ಒಂದೇ ಮೇಜು, ಒಂದೇ ಕಿಟಕಿ, ಒಂದೇ ರೀಚಾರ್ಜಿನವರಾದರೆ 280 ರೂಪಾಯಿ ಸಾಕು, ಕೊಳ್ಳುವಾಗ ಡೇಟಾ ಕೇಬಲ್ ಅಂತ ಬಾಯಿಬಿಟ್ಟು ಕೇಳಿ.

ಕಪಾಟಿನ ಡಬ್ಬಿ ಬೇಕಾದವರು ತಿಳಿಸಿ. ಬ್ಯಾಟರಿಯೊಂದು ಬಿಟ್ಟರೆ ಹೊಸದರ ಹಾಗೇ ಇದೆ.