ಡಿಜಿಟಲ್ ಸತ್ಯವೇದ ತರಬೇತಿ ಅಂತ ಬರುವವರಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಪುಣೆ, ಪಿಂಪ್ರಿ-ಚಿಂಚವಾಡ ಕಡೆಯ ಕನ್ನಡ ಕ್ರೈಸ್ತ ಸಭೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ಸಭೆಯ ಸೇವಕರಿಗೆ ಡಿಜಿಟಲ್ ಸತ್ಯವೇದ (ಬೈಬಲ್) ಅಧ್ಯಯನ ತರಬೇತಿಯಂತೆ. ಶನಿವಾರ, ಭಾನುವಾರ ಮಧ್ಯಾಹ್ನ ಕ್ಲಾಸು, 1,500 ಪುಸ್ತಕಗಳ ಪೆನ್‌ಡ್ರೈವ್, ಕೊನೆಗೆ ಸರ್ಟಿಫಿಕೇಟ್. ಫೀಸು 8,500 ರೂಪಾಯಿ. ನಾನು ಆ ಕ್ಲಾಸಿಗೆ ಹೋಗಿದ್ದೆ. ನಮ್ಮ ಸಭೆಯಿಂದ ಇನ್ನೂ ಕೆಲವರು ಬಂದಿದ್ದರು. ದಯವಿಟ್ಟು ನೀವು ಹೋಗಬೇಡಿ.

ಕಲಿಯಲು ಬಂದವರು ಯಾರು ಅಂತ ಮೊದಲು ಹೇಳುತ್ತೇನೆ. ನಮ್ಮ ಸಭೆಯಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆಯವರೇ ಜಾಸ್ತಿ. ಭೋಸರಿಯ ಕಂಪನಿಗಳಲ್ಲಿ, ವಾಕಡ್ ಕಡೆಯ ಬಿಲ್ಡಿಂಗ್ ಕೆಲಸಗಳಲ್ಲಿ ದುಡಿಯುವವರು. ಹಗಲೆಲ್ಲ ದುಡಿದು ಬಂದು ರಾತ್ರಿ ಮನೆ ಪ್ರಾರ್ಥನೆ ನಡೆಸುತ್ತಾರೆ, ಭಾನುವಾರ ಮಕ್ಕಳಿಗೆ ಸಂಡೇ ಸ್ಕೂಲ್ ಮಾಡುತ್ತಾರೆ, ಪಾಸ್ಟರ್ ಊರಿಗೆ ಹೋದಾಗ ಪ್ರಸಂಗವನ್ನೂ (ಉಪದೇಶ) ಮಾಡುತ್ತಾರೆ. ಕೆಲಸ ಬಿಟ್ಟು ಪಾಸ್ಟರ್‌ಗಳನ್ನು ತಯಾರು ಮಾಡುವ ಸೆಮಿನರಿಗೆ ಸೇರಿ ವರ್ಷಗಟ್ಟಲೆ ಓದಲು ಇವರಿಗೆ ಆಗುವುದಿಲ್ಲ. ಆದರೆ ವಾಕ್ಯವನ್ನು ಸರಿಯಾಗಿ ಕಲಿಯಬೇಕು ಅನ್ನುವ ಹಸಿವು ಇದೆ. ಆ ಹಸಿವನ್ನು ಇಟ್ಟುಕೊಂಡೇ ಈ ತರಬೇತಿಯವರು ದುಡ್ಡು ಮಾಡುತ್ತಿದ್ದಾರೆ. ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ಮೊದಲ ಕ್ಲಾಸಿನಲ್ಲಿ ಪ್ರೊಜೆಕ್ಟರ್ ಮೇಲೆ ಈ-ಸ್ವೋರ್ಡ್ ಅನ್ನುವ ಬೈಬಲ್ ಓದುವ ಸಾಫ್ಟ್‌ವೇರ್ ತೋರಿಸಿದರು. ‘ಇದು ನಿಮಗೋಸ್ಕರ ವಿಶೇಷವಾಗಿ ತರಿಸಿದ್ದು, ಹೊರಗೆ ಸಿಗಲ್ಲ’ ಅಂದರು. ಈ-ಸ್ವೋರ್ಡ್ 2000ನೇ ಇಸವಿಯಿಂದ ಪುಕ್ಕಟೆಯಾಗಿಯೇ ಸಿಗುತ್ತಿದೆ. ಅದನ್ನು ಮಾಡಿದವರ ಸೈಟಿಗೆ ಹೋಗಿ ಯಾರು ಬೇಕಾದರೂ ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು. ಪೆನ್‌ಡ್ರೈವಿನ ಪುಸ್ತಕಗಳ ಕಥೆಯೂ ಅದೇ. ಅರ್ಧಕ್ಕಿಂತ ಜಾಸ್ತಿ ಹಳೆಯ ಇಂಗ್ಲಿಷ್ ವ್ಯಾಖ್ಯಾನಗಳು. 1714ರಲ್ಲಿ ತೀರಿಕೊಂಡ ಮ್ಯಾಥ್ಯೂ ಹೆನ್ರಿ ಅವರ ವ್ಯಾಖ್ಯಾನ ಅದರಲ್ಲಿತ್ತು. ಅದಕ್ಕೆ ಈಗ ಕಾಪಿರೈಟ್ ಇಲ್ಲ, ನೆಟ್‌ನಲ್ಲಿ ಎಲ್ಲಿ ಹುಡುಕಿದರೂ ಸಿಗುತ್ತದೆ.

ಕಲಿಸಿದ್ದಾದರೂ ಸರಿ ಇತ್ತಾ? ಅದೂ ಇಲ್ಲ. ಸ್ಟ್ರಾಂಗ್ಸ್ ನಂಬರ್ ಬಗ್ಗೆ ನಿಮಗೆ ಗೊತ್ತಿರಬಹುದು. ಜೇಮ್ಸ್ ಸ್ಟ್ರಾಂಗ್ ಅನ್ನುವವರು 1890ರಲ್ಲಿ ತಂದ ಬೈಬಲ್ ಪದಸೂಚಿಯಲ್ಲಿ ಮೂಲಭಾಷೆಯ ಒಂದೊಂದು ಪದಕ್ಕೂ ಒಂದೊಂದು ನಂಬರ್ ಕೊಟ್ಟಿದ್ದಾರೆ. ಹಳೆ ಒಡಂಬಡಿಕೆಯ ಇಬ್ರಿಯ (ಹೀಬ್ರೂ) ಪದಗಳಿಗೆ ಒಂದು ಸಾಲು, ಹೊಸ ಒಡಂಬಡಿಕೆಯ ಗ್ರೀಕ್ ಪದಗಳಿಗೆ ಇನ್ನೊಂದು ಸಾಲು. ಎರಡೂ 1ರಿಂದಲೇ ಶುರು. ಅದಕ್ಕೇ ನಂಬರಿನ ಮುಂದೆ ಹೀಬ್ರೂಗೆ ಎಚ್ ಅಥವಾ ಗ್ರೀಕ್‌ಗೆ ಜಿ ಅಕ್ಷರ ಇರುತ್ತದೆ. ನಮಗೆ ಕಲಿಸಿದವರು ಹಳೆ ಒಡಂಬಡಿಕೆಯ ಆದಿಕಾಂಡ 1:1 ತೆರೆದು, ದೇವರು ಅನ್ನುವ ಪದದ ಪಕ್ಕ 430 ತೋರಿಸಿದರು. ಅಲ್ಲಿವರೆಗೆ ಸರಿ. ಆಮೇಲೆ ಹೊಸ ಒಡಂಬಡಿಕೆಯ ಎಫೆಸದವರಿಗೆ 4:2 ತೆರೆದು, ‘ನೋಡಿ, ಇಲ್ಲೂ 430, ಇಲ್ಲೂ ದೇವರೇ ಅಡಗಿದ್ದಾನೆ, ಇದು ಸಾಮಾನ್ಯ ಓದುಗರಿಗೆ ಕಾಣಲ್ಲ’ ಅಂದರು. ಅಲ್ಲಿರುವುದು ಗ್ರೀಕ್ ಸಾಲಿನ 430. ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದು ಅಂತ ಅದರ ಅರ್ಥ. ಕ್ಲಾಸಿನಲ್ಲಿ ಕೂತವರೆಲ್ಲ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾಳೆ ಅದೇ ಪ್ರಸಂಗವಾಗಿ ಸಭೆಗೆ ಬರುತ್ತದೆ. ಹಣ ಹೋದದ್ದಕ್ಕಿಂತ ಇದು ನನಗೆ ಜಾಸ್ತಿ ನೋವು ಕೊಟ್ಟಿದೆ.

ಇನ್ನು ಕನ್ನಡ ಭಾಗ. ಪೋಸ್ಟರಿನಲ್ಲಿ ‘ಸಂಪೂರ್ಣ ಕನ್ನಡ ಸತ್ಯವೇದ, ಹುಡುಕುವ ಸೌಲಭ್ಯದೊಂದಿಗೆ’ ಅಂತ ದಪ್ಪ ಅಕ್ಷರದಲ್ಲಿತ್ತು. ಮನೆಗೆ ಬಂದು ಸರ್ಚ್ ಡಬ್ಬದಲ್ಲಿ ‘ನಂಬಿಕೆ’ ಅಂತ ಟೈಪ್ ಮಾಡಿದೆ. ಒಂದೂ ಸಿಗಲಿಲ್ಲ. ‘ದೇವರು’ ಅಂತ ಹಾಕಿದೆ. ಸತ್ಯವೇದದಲ್ಲಿ ದೇವರು ಅನ್ನುವ ಪದವೇ ಇಲ್ಲ ಅಂತ ಬಂತು! ಒಂದು ವಚನ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು. ಕಾರಣ ಇಷ್ಟೇ. ಅದು ಯಾವುದೋ ಹಳೆಯ ಡಿಟಿಪಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಎಲ್ಲ ಕಂಪ್ಯೂಟರುಗಳೂ ಅಕ್ಷರ ಗುರುತಿಸುವ ಸಾಮಾನ್ಯ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಯೂನಿಕೋಡ್ ಆಗಿದ್ದರೆ ಮಾತ್ರ ಹುಡುಕಲು ಬರುತ್ತದೆ. ಮಿಕ್ಕ ಕನ್ನಡ ಪುಸ್ತಕಗಳು ಸ್ಕ್ಯಾನ್ ಮಾಡಿದ ಪಿಡಿಎಫ್. ಕೆಲವು ಪುಟಗಳಲ್ಲಿ ಹಿಡಿದವರ ಹೆಬ್ಬೆರಳೂ ಕಾಣುತ್ತಿತ್ತು.

ಪೆನ್‌ಡ್ರೈವಿನಲ್ಲಿ ಇನ್ನೊಂದು ಫೋಲ್ಡರ್ ಇತ್ತು. ದುಡ್ಡು ಕೊಟ್ಟೇ ಕೊಳ್ಳಬೇಕಾದ ಒಂದು ದೊಡ್ಡ ಸಾಫ್ಟ್‌ವೇರಿನ ಕದ್ದ ಪ್ರತಿ. ಅದನ್ನು ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಅಂದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದು, ‘ಬ್ರದರ್, ಇದು ಕದ್ದದ್ದಲ್ವಾ?’ ಅಂತ ಕೇಳಿದರು. ‘ದೇವರ ಸೇವೆಗೆ ತಾನೇ, ಪರವಾಗಿಲ್ಲ’ ಅನ್ನುವ ಉತ್ತರ ಬಂತು. ಕದಿಯಬಾರದು ಅಂತ ಕಲಿಸಬೇಕಾದವರಿಗೆ ಕೊಡುವ ತರಬೇತಿ ಇದು!

ನಮ್ಮ ಸಂಡೇ ಸ್ಕೂಲಿನ ಸಿಸ್ಟರ್ ಒಬ್ಬರು ಅದನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿದರು. ಮಾರನೆ ದಿನ ಒಂದು ಫೈಲೂ ತೆರೆಯಲಿಲ್ಲ. ಎಲ್ಲ ಫೈಲುಗಳ ಹೆಸರಿನ ಕೊನೆಗೆ ಏನೋ ಗೊತ್ತಿಲ್ಲದ ಅಕ್ಷರ ಸೇರಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ಹಣ ಕಟ್ಟಿ ಅನ್ನುವ ಒಂದು ಚೀಟಿ. ರಿಪೇರಿಯವರು ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇಲ್ಲ ಅಂದರು. ಮಕ್ಕಳ ಹಾಜರಿ, ಕ್ರಿಸ್ಮಸ್ ನಾಟಕದ ಪ್ರತಿಗಳು, ಅವರು ಕೂತು ಬರೆದ ಪಾಠಗಳು, ಎಲ್ಲ ಹೋಯಿತು. ಆಂಟಿವೈರಸ್ ಆಫ್ ಮಾಡಿ ಅಂತ ಯಾರು ಹೇಳಿದರೂ ಅಲ್ಲೇ ಎದ್ದು ಬನ್ನಿ.

ಹಣದ ವಿಷಯ ಇನ್ನೂ ಕೆಟ್ಟದ್ದು. ಒಟ್ಟಿಗೆ ಕಟ್ಟಲು ಆಗದವರಿಗೆ ತಿಂಗಳಿಗೆ 850 ರೂಪಾಯಿಯಂತೆ ಹತ್ತು ಕಂತು ಅಂದರು. ಕ್ಯೂಆರ್ ಸ್ಕ್ಯಾನ್ ಮಾಡಿಸಿ ಪಿನ್ ಹಾಕಿಸಿದರು. ಅದು ಯುಪಿಐ ಆಟೋಪೇ. ಒಂದು ಸಲ ಒಪ್ಪಿಗೆ ಕೊಟ್ಟರೆ ಸಾಕು. ಆಮೇಲೆ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ, ತಾನಾಗಿಯೇ ಕಟ್ ಆಗುತ್ತದೆ. 24 ಗಂಟೆ ಮೊದಲು ಒಂದು ಮೆಸೇಜ್ ಬರುತ್ತದೆ. ಅದು ಇಂಗ್ಲಿಷಿನಲ್ಲಿದ್ದರೆ ಎಷ್ಟು ಜನ ಓದುತ್ತಾರೆ? ಸೆಂಟ್ರಿಂಗ್ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಹತ್ತು ಕಂತು ಮುಗಿದ ಮೇಲೆ ನನ್ನ ಹತ್ತಿರ ಫೋನ್ ತಂದ. ‘ಅಕ್ಕಾ, ನಾ ಒಮ್ಮೆನೇ ಪಿನ್ ಹಾಕೀನಿ. ಇನ್ನಾ ರೊಕ್ಕ ಹೆಂಗ ಕಟ್ ಆಗ್ಲತ್ತದ?’ ಅಂದ. ತೆಗೆದು ನೋಡಿದರೆ ಆಟೋಪೇಯ ಕೊನೆಯ ದಿನಾಂಕ ಹಲವು ವರ್ಷ ಮುಂದಕ್ಕಿತ್ತು. ತರಬೇತಿಯವರಿಗೆ ಫೋನ್ ಮಾಡಿದೆವು. ‘ಅದು ದೇವರಿಗೆ ಕೊಟ್ಟ ಕಾಣಿಕೆ, ವಾಪಸ್ ಕೇಳುವುದು ಪಾಪ’ ಅಂದರು. ಕೂಲಿ ಮಾಡಿ ಊರಿಗೆ ಹಣ ಕಳಿಸುವ ಹುಡುಗನಿಗೆ ಈ ಮಾತು! ದೇವರ ಹೆಸರು ಹೇಳಿ ಬಾಯಿ ಮುಚ್ಚಿಸುವವರನ್ನು ಸೇವಕರು ಅಂತ ಕರೆಯಲು ನನಗೆ ಆಗುವುದಿಲ್ಲ.

ಸರ್ಟಿಫಿಕೇಟ್ ಬಗ್ಗೆ ಒಂದೇ ಮಾತು. ಅದು ಸೆರಾಂಪುರದ ಡಿಗ್ರಿಗೆ ಸಮ ಅಂತ ಅವರು ಹೇಳುತ್ತಾರೆ. ಸಮ ಅಲ್ಲ. ದೇವಶಾಸ್ತ್ರದ ಡಿಗ್ರಿ ಕೊಡುವ ಸೆರಾಂಪುರ ಸೆನೆಟ್‌ಗೆ ಸೇರಿದ ಕಾಲೇಜುಗಳು ಯಾವುವು ಅಂತ ಸೆನೆಟ್ಟಿನ ಸೈಟಿನಲ್ಲೇ ನೋಡಬಹುದು. ಪುಣೆಯ ಬಿಬವೇವಾಡಿಯಲ್ಲಿ 1983ರಿಂದ ಇರುವ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಅಂಥದ್ದೊಂದು. ನಿಜವಾಗಿ ಓದಬೇಕು ಅನ್ನುವವರು ಇಂಥ ಕಡೆ ಹೋಗಿ ವಿಚಾರಿಸಿ.

ಈ ಉಪಕರಣಗಳೇ ಕೆಟ್ಟವು ಅಂತ ಮಾತ್ರ ಅಂದುಕೊಳ್ಳಬೇಡಿ. ಅವು ಬಹಳ ಉಪಯೋಗಕ್ಕೆ ಬರುತ್ತವೆ. ಮೊಬೈಲ್ ಇದ್ದರೆ ಯೂವರ್ಷನ್‌ನ ಬೈಬಲ್ ಆ್ಯಪ್ ಸಾಕು. 2008ರಿಂದ ಇದೆ, ದುಡ್ಡು ಕೇಳುವುದಿಲ್ಲ, ಅದರಲ್ಲಿ ಕನ್ನಡ ಸತ್ಯವೇದ ಇದೆ, ಕನ್ನಡದಲ್ಲೇ ಹುಡುಕಬಹುದು. ‘ನಂಬಿಕೆ’ ಅಂತ ಹಾಕಿ ನೋಡಿ, ವಚನಗಳು ಸಾಲಾಗಿ ಬರುತ್ತವೆ. ಇಂಗ್ಲಿಷ್ ಸ್ವಲ್ಪ ಬರುವವರಿಗೆ ಸ್ಟೆಪ್ ಬೈಬಲ್ ಇದೆ. ಕೇಂಬ್ರಿಡ್ಜ್‌ನ ಟಿಂಡೇಲ್ ಹೌಸ್ ವಿದ್ವಾಂಸರು ಮಾಡಿದ್ದು, ಪೂರ್ತಿ ಪುಕ್ಕಟೆ. ಪದದ ಮೇಲೆ ಒತ್ತಿದರೆ ಅದರ ಮೂಲಪದ, ನಂಬರ್, ಅದು ಬರುವ ಬೇರೆ ವಚನಗಳು ಸಿಗುತ್ತವೆ. ಬ್ಲೂ ಲೆಟರ್ ಬೈಬಲ್ ಕೂಡ ಹಾಗೇ. ಪಕ್ಕದಲ್ಲಿ ಕನ್ನಡ ಸತ್ಯವೇದ ತೆರೆದಿಟ್ಟುಕೊಂಡು, ಅದೇ ವಚನ ನೋಡುತ್ತಾ ಕಲಿಯಬಹುದು. ನಾವೀಗ ಶನಿವಾರ ಸಂಜೆ ಹೀಗೇ ಕೂತು ಕಲಿಯುತ್ತಿದ್ದೇವೆ. ಯಾರೂ ಯಾರಿಗೂ ಫೀಸು ಕೊಡುತ್ತಿಲ್ಲ.

ಅದೇ ಪೋಸ್ಟರ್ ಈಗ ಕಲ್ಯಾಣ, ಧಾರಾವಿ ಕಡೆಯ ಸಭೆಗಳಿಗೂ ಬಂದಿದೆ ಅಂತ ಅಲ್ಲಿನ ನೆಂಟರು ಹೇಳಿದರು. ಕರೆದರೆ ಮೊದಲು ಎರಡು ಪ್ರಶ್ನೆ ಕೇಳಿ. ಪೆನ್‌ಡ್ರೈವಿನ ಕನ್ನಡ ಯೂನಿಕೋಡಾ? ಸಾಫ್ಟ್‌ವೇರಿಗೆ ಲೈಸೆನ್ಸ್ ಇದೆಯಾ? ಈಗಾಗಲೇ ಕಂತಿಗೆ ಒಪ್ಪಿರುವವರು ಇವತ್ತೇ ನಿಮ್ಮ ಯುಪಿಐ ಆ್ಯಪ್ ತೆಗೆದು ಆಟೋಪೇ ಅನ್ನುವ ಜಾಗಕ್ಕೆ ಹೋಗಿ. ಅಲ್ಲಿ ಅವರ ಹೆಸರಿದ್ದರೆ ರದ್ದು ಮಾಡಿ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ನಮ್ಮ ಹುಡುಗನ ಹಳೆಯ ಹಣ ಇನ್ನೂ ಬಂದಿಲ್ಲ. ರದ್ದು ಮಾಡಿದ ಮೇಲೆ ಹೊಸ ಕಂತು ಮಾತ್ರ ಕಟ್ ಆಗಿಲ್ಲ.