ಹತ್ತು ಸಾವಿರ ಎಂಎಎಚ್ ಎಂದು ಬರೆದ ಕ್ಯಾಂಪಿಂಗ್ ಲೈಟಿನ ಒಳಗೆ ಇದ್ದದ್ದೇನು

ಡಬ್ಬದ ಮೇಲೆ ಬರೆದಿದ್ದು ಇಷ್ಟು: 1000 ಲ್ಯೂಮೆನ್ (ಬೆಳಕಿನ ಪ್ರಮಾಣ), 10000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಬ್ಯಾಟರಿ, 40 ಗಂಟೆ ಬೆಳಕು, ಸೋಲಾರ್ ಚಾರ್ಜಿಂಗ್, ವಾಟರ್‌ಪ್ರೂಫ್. ಫುಲ್ ಚಾರ್ಜ್ ಮಾಡಿ ಟೆಂಟಿನಲ್ಲಿ ತೂಗುಹಾಕಿದರೆ ಒಂದು ಗಂಟೆ ಚೆನ್ನಾಗಿ ಉರಿಯಿತು. ಆಮೇಲೆ ಮಂಕಾಗುತ್ತ ಹೋಗಿ, ಊಟ ಮುಗಿಯುವ ಹೊತ್ತಿಗೆ ತಟ್ಟೆ ತೊಳೆಯುವುದಕ್ಕೂ ಬೆಳಕು ಸಾಲದಾಯಿತು. ಮರುದಿನ ಬಿಸಿಲಿಗಿಟ್ಟು ಸಂಜೆ ಹಾಕಿದರೆ ಇಪ್ಪತ್ತು ನಿಮಿಷಕ್ಕೇ ಸುಸ್ತು.

ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿದ್ದದ್ದು ಒಂದೇ ಒಂದು 18650 ಸೆಲ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೂ ಹಿಂದೆ ಹೆಚ್ಚಾಗಿ ಬರುತ್ತಿದ್ದ, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್ ಅದು. ಈ ಅಳತೆಯಲ್ಲಿ ಒಳ್ಳೆಯ ಸೆಲ್ ಕೂಡ ಹಿಡಿಯುವುದು ಸುಮಾರು 3500 ಎಂಎಎಚ್. ಇದರ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಮಾತ್ರ ಧೈರ್ಯವಾಗಿ 10000 ಎಂದು ಅಚ್ಚು ಹಾಕಿತ್ತು. ತಕ್ಕಡಿಗಿಟ್ಟರೆ 29 ಗ್ರಾಂ. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಖಾಲಿ ಮಾಡಿ ಅಳೆದಾಗ ಸಿಕ್ಕಿದ್ದು 1100 ಎಂಎಎಚ್.

ಎಂಎಎಚ್ ಸಂಖ್ಯೆಯನ್ನು ಹಾಗೇ ಓದಬೇಡಿ, ವ್ಯಾಟ್-ಗಂಟೆಗೆ ಇಳಿಸಿ. ಎಂಎಎಚ್ ಅನ್ನು ಸೆಲ್ಲಿನ ಸರಾಸರಿ 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ ಆಯಿತು. ಡಬ್ಬದ ಮಾತನ್ನೇ ನಂಬಿದರೆ 37 ವ್ಯಾಟ್-ಗಂಟೆ. ಇಂಥ ಲೈಟುಗಳಲ್ಲಿ ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಬಂದರೆ ದೊಡ್ಡದು. 1000 ಲ್ಯೂಮೆನ್‌ಗೆ 10 ವ್ಯಾಟ್ ಬೇಕು. ಅಂದರೆ ಅವರ ಲೆಕ್ಕದಲ್ಲೇ ಪೂರ್ತಿ ಬೆಳಕು ನಾಲ್ಕು ಗಂಟೆ ದಾಟುವುದಿಲ್ಲ. 40 ಗಂಟೆ ಎಂಬುದು ಅತಿ ಕಡಿಮೆ ಬೆಳಕಿನ ಮೋಡ್‌ನದು, ಆದರೆ ಅಚ್ಚಾಗುವುದು 1000 ಲ್ಯೂಮೆನ್ ಪಕ್ಕದಲ್ಲೇ. ಒಳಗಿದ್ದ ನಿಜವಾದ 4 ವ್ಯಾಟ್-ಗಂಟೆಗೆ, 4 ವ್ಯಾಟ್ ಎಳೆಯುವ ಎಲ್‌ಇಡಿಗೆ, ಒಂದು ಗಂಟೆಯೇ ನ್ಯಾಯ. ಎಷ್ಟು ಎಲ್‌ಇಡಿ ಇವೆ ಎಂದು ಎಣಿಸುತ್ತ ಕೂರುವುದು ವ್ಯರ್ಥ. ಎಣ್ಣೆಯಿಲ್ಲದ ಹಣತೆಗೆ ಬತ್ತಿ ಎಷ್ಟಿದ್ದರೇನು?

ಉರಿಯುವ ಅವಧಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇದು ಒಳ್ಳೆಯ ಕಂಪನಿಗಳಿಗೂ ಅನ್ವಯ. ಟಾರ್ಚ್‌ಗಳಿಗೆ ಬಳಕೆಯಲ್ಲಿರುವ ಅನ್ಸಿ ಎಫ್‌ಎಲ್1 ಮಾನದಂಡದ ಪ್ರಕಾರ, ಮೊದಲ 30 ಸೆಕೆಂಡಿಗೆ ಇದ್ದ ಬೆಳಕು ಅದರ ಶೇ. 10ಕ್ಕೆ ಇಳಿಯುವ ತನಕ ಎಣಿಸುವುದೇ ಅವಧಿ. ಹಾಗಾಗಿ ‘8 ಗಂಟೆ’ಯಲ್ಲಿ ಕೊನೆಯ ಆರು ಗಂಟೆ ಮಿಣುಕು ಬೆಳಕಾಗಿದ್ದರೂ ಅದು ಸುಳ್ಳಲ್ಲ. ಬೆಳಕು ಒಂದೇ ಸಮ ಇರಬೇಕೆಂದರೆ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಸದಾ ಒಂದೇ ಪ್ರಮಾಣದ ಕರೆಂಟ್ ಕೊಡುವ ಸರ್ಕ್ಯೂಟ್) ಇರುವ ಲೈಟು ಬೇಕು. ಅಗ್ಗದ್ದರಲ್ಲಿ ಬರೀ ಒಂದು ರೆಸಿಸ್ಟರ್ ಇರುತ್ತದೆ, ಸೆಲ್ ಪೂರ್ತಿ ಚಾರ್ಜಿನ 4.2 ವೋಲ್ಟ್‌ನಿಂದ ಇಳಿದಂತೆ ಬೆಳಕೂ ಇಳಿಯುತ್ತದೆ.

ಬಿಚ್ಚದೆಯೇ ಮೋಸ ಹಿಡಿಯಬಹುದು. ಲೈಟು ಪೂರ್ತಿ ಖಾಲಿಯಾಗುವವರೆಗೆ ಉರಿಸಿ, ಯುಎಸ್‌ಬಿ ಮೀಟರ್ (ಕೇಬಲ್ ನಡುವೆ ಸಿಕ್ಕಿಸಿದರೆ ಎಷ್ಟು ಕರೆಂಟ್ ಹೋಯಿತೆಂದು ತೋರಿಸುವ ಸಾಧನ) ಮೂಲಕ ಚಾರ್ಜಿಗಿಡಿ. ನಿಜಕ್ಕೂ 10000 ಎಂಎಎಚ್ ಇದ್ದರೆ 1 ಆಂಪಿಯರ್ ಚಾರ್ಜಿಂಗ್‌ಗೆ ಹತ್ತು ಗಂಟೆಗೂ ಮೇಲೆ ಬೇಕು. ಒಂದೂಕಾಲು ಗಂಟೆಗೆ ಹಸಿರು ದೀಪ ಬಂದರೆ ಕಥೆ ಅಲ್ಲಿಗೇ ಗೊತ್ತಾಯಿತು. ತೂಕವೂ ಸಾಕ್ಷಿ ಹೇಳುತ್ತದೆ: ಅಷ್ಟು ಸಾಮರ್ಥ್ಯಕ್ಕೆ ಕನಿಷ್ಠ ಮೂರು ಸೆಲ್ ಬೇಕು, ಅವೇ 135 ಗ್ರಾಂ ದಾಟುತ್ತವೆ. ಇಡೀ ಲೈಟೇ 150 ಗ್ರಾಂ ಇದ್ದರೆ ವಾಪಸ್ ಕಳಿಸಿ. ಇದನ್ನೆಲ್ಲ ರಿಟರ್ನ್ ಅವಧಿ ಮುಗಿಯುವ ಮೊದಲೇ ಮಾಡಬೇಕು, ಪ್ರವಾಸದ ಹಿಂದಿನ ರಾತ್ರಿ ಅಲ್ಲ.

ಸೋಲಾರ್ ಪ್ಯಾನೆಲ್ ವಿಷಯ ಬೇಗ ಮುಗಿಯುತ್ತದೆ. ಈ ಲೈಟಿನ ತಲೆಯ ಮೇಲಿದ್ದದ್ದು 5×6 ಸೆಂ.ಮೀ. ಪ್ಯಾನೆಲ್. ನೆತ್ತಿಯ ಬಿಸಿಲಲ್ಲಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬೀಳುತ್ತದೆ, ಅಂದರೆ ಇಷ್ಟಗಲಕ್ಕೆ 3 ವ್ಯಾಟ್. ಶೇ. 20 ವಿದ್ಯುತ್ತಾದರೆ 0.6 ವ್ಯಾಟ್, ಓರೆ ಬಿಸಿಲು, ಶಾಖ, ಮೇಲಿನ ಪ್ಲಾಸ್ಟಿಕ್ ಎಲ್ಲ ಕಳೆದು ಅದರರ್ಧ. ಐದು ಗಂಟೆ ಬಿಸಿಲಿಗೆ ಒಂದೂವರೆ ವ್ಯಾಟ್-ಗಂಟೆ. ಇಪ್ಪತ್ತು ನಿಮಿಷ ಉರಿದದ್ದೇ ಹೆಚ್ಚು! ಅದರ ಮೇಲೆ ಪ್ಯಾನೆಲ್ ಕೆಳಗೇ ಸೆಲ್ ಕೂತಿರುತ್ತದೆ; ಲಿಥಿಯಂ ಸೆಲ್ಲನ್ನು ಸಾಮಾನ್ಯವಾಗಿ 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಪ್ಯಾನೆಲ್ ಬೇಕೇ ಬೇಕಿದ್ದರೆ ಬೇರೆಯಾಗಿರುವ ದೊಡ್ಡದನ್ನು ತೆಗೆದುಕೊಂಡು, ಲೈಟನ್ನು ನೆರಳಲ್ಲಿಡಿ.

ಟೈಪ್-ಸಿ ಪೋರ್ಟ್ ಕಂಡು ನಿಶ್ಚಿಂತರಾಗಬೇಡಿ. ಪೋರ್ಟಿನಲ್ಲಿ ಚಾರ್ಜರಿಗೆ ‘ಕರೆಂಟ್ ಕೊಡು’ ಎಂದು ತಿಳಿಸುವ ಎರಡು ಸಿಸಿ ಪಿನ್‌ಗಳಿಗೆ 5.1 ಕಿಲೋಓಮ್ ರೆಸಿಸ್ಟರ್ ಹಾಕದೆ ಖರ್ಚು ಉಳಿಸಿದ ಲೈಟುಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ ಚಾರ್ಜೇ ಆಗುವುದಿಲ್ಲ. ಡಬ್ಬದಲ್ಲಿ ಬಂದ ಹಳೆಯ ಅಗಲ ಯುಎಸ್‌ಬಿಯ ಕೇಬಲ್ ಮರೆತು ಹೋದರೆ ಪವರ್ ಬ್ಯಾಂಕ್ ಇದ್ದೂ ಕತ್ತಲೆ.

ಇಲ್ಲಿಯವರೆಗಿನದು ಬರೀ ಮೋಸ. ನಿಜವಾದ ಅಪಾಯ ಇರುವುದು ಮೈಯಲ್ಲೇ ಎರಡು ಪಿನ್ನಿನ ಪ್ಲಗ್ ಮಡಚಿಟ್ಟು, ನೇರ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಲೈಟುಗಳಲ್ಲಿ. ಹಲವದರಲ್ಲಿ ಬ್ಯಾಟರಿಯನ್ನು ಮೇನ್ಸ್ ಕರೆಂಟಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮೂಲಕ ಮೇನ್ಸ್ ಕರೆಂಟನ್ನು ತಗ್ಗಿಸಿ ಬ್ಯಾಟರಿಗೆ ಕೊಟ್ಟಿರುತ್ತಾರೆ. ಹಾಗಿದ್ದಾಗ ಚಾರ್ಜ್ ಆಗುವಷ್ಟು ಹೊತ್ತು ಬ್ಯಾಟರಿಯ ತುದಿ, ಸ್ವಿಚ್ಚಿನ ಲೋಹ, ಫೋನ್ ಚಾರ್ಜ್ ಮಾಡಲೆಂದು ಕೊಟ್ಟ ಯುಎಸ್‌ಬಿ ಪೋರ್ಟ್ ಎಲ್ಲಕ್ಕೂ ಮೇನ್ಸ್ ಜೊತೆ ನೇರ ಸಂಪರ್ಕ. ಒದ್ದೆ ಕೈ, ತೋಟದ ತೇವ, ಪ್ಲಾಸ್ಟಿಕ್ಕಿನಲ್ಲಿ ಸಣ್ಣ ಬಿರುಕು ಸೇರಿದರೆ ಶಾಕ್. ಇಂಥದ್ದನ್ನು ಕೊಳ್ಳಲೇಬೇಡಿ. ಮನೆಯಲ್ಲಿದ್ದರೆ ಪ್ಲಗ್ಗಿನಲ್ಲಿರುವಾಗ ಮುಟ್ಟಬೇಡಿ, ಅದರಿಂದ ಫೋನ್ ಚಾರ್ಜ್ ಮಾಡಬೇಡಿ.

‘ವಾಟರ್‌ಪ್ರೂಫ್’ ಎಂಬ ಪದಕ್ಕೆ ಬೆಲೆಯಿಲ್ಲ, ದೂಳು-ನೀರು ಎಷ್ಟು ತಡೆಯುತ್ತದೆಂದು ಹೇಳುವ ಐಪಿ ಅಂಕಿ ಕೇಳಿ. ಐಪಿಎಕ್ಸ್4 ಎಂದರೆ ಸಿಡಿಯುವ ನೀರಿಗೆ ಸಾಕು. ಪೈಪಿನಲ್ಲಿ ನೀರು ಹಾಯಿಸುವ ತೋಟಕ್ಕೆ ಐಪಿ65 ಇರಲಿ. ಐಪಿಎಕ್ಸ್7 ಲೈಟು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆದರೂ ಪೈಪಿನ ರಭಸ ತಡೆಯುತ್ತದೆಂಬ ಭರವಸೆಯಿಲ್ಲ. ಪೋರ್ಟಿನ ರಬ್ಬರ್ ಮುಚ್ಚಳ ಸಡಿಲಾದರೆ ಯಾವ ಅಂಕಿಯೂ ಉಪಯೋಗಕ್ಕಿಲ್ಲ.

ನೆಲಕ್ಕೆ ಚುಚ್ಚುವ ಸೋಲಾರ್ ದೀಪಗಳ ಸೆಲ್ ಬದಲಿಸುವವರು ಹಳೆಯದರ ಮೇಲಿನ ವೋಲ್ಟೇಜ್ ಓದಿ. ಕೆಲವಕ್ಕೆ 1.2 ವೋಲ್ಟ್ ನಿಕಲ್-ಮೆಟಲ್ ಹೈಡ್ರೈಡ್, ಕೆಲವಕ್ಕೆ 3.2 ವೋಲ್ಟ್ ಲಿಥಿಯಂ ಐರನ್ ಫಾಸ್ಫೇಟ್. ಎರಡೂ ನೋಡಲು ಒಂದೇ ಡಬಲ್-ಎ ಗಾತ್ರ. ಅದಲುಬದಲಾದರೆ ಒಂದೋ ಬೆಳಕಿಲ್ಲ, ಇಲ್ಲವೇ ಸರ್ಕ್ಯೂಟ್ ಸುಡುತ್ತದೆ. ಮಾಮೂಲಿ ಆಲ್ಕಲೈನ್ ಸೆಲ್ ಹಾಕಿದರೆ ಸೋರಿ ಒಳಗೆಲ್ಲ ತುಕ್ಕು. ಬೆಳಕಿನ ಬಣ್ಣ 3000 ಕೆಲ್ವಿನ್ (ಹಳದಿ ಛಾಯೆ) ಅಥವಾ ಅದಕ್ಕಿಂತ ಕಡಿಮೆ ಇರಲಿ, 6500ರ ನೀಲಿ-ಬಿಳಿ ಬೆಳಕಿಗೆ ಹುಳುಗಳು ಹೆಚ್ಚು ಮುತ್ತುತ್ತವೆ.

ತಿಂಗಳುಗಟ್ಟಲೆ ಎತ್ತಿಡುವಾಗ ಲೈಟು ಅರ್ಧ ಚಾರ್ಜಿನಲ್ಲಿರಲಿ, ಮೂರು ತಿಂಗಳಿಗೊಮ್ಮೆ ನೋಡಿ. ಟಚ್ ಬಟನ್ ಮತ್ತು ರಿಮೋಟ್ ಇರುವವು ಆಫ್ ಇದ್ದಾಗಲೂ ಸ್ವಲ್ಪ ಸ್ವಲ್ಪ ಎಳೆಯುತ್ತಿರುತ್ತವೆ. ಸೆಲ್ ಉಬ್ಬಿದ್ದರೆ ಇನ್ನೊಮ್ಮೆ ಚಾರ್ಜ್ ಮಾಡಿ ನೋಡುವ ಆಸೆ ಬೇಡ. ಒತ್ತಬೇಡಿ, ಚುಚ್ಚಬೇಡಿ. ಎರಡೂ ತುದಿಗೆ ಟೇಪ್ ಸುತ್ತಿ, ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ.